ನೊವಿಸ್ ಹುಡುಗಿಯ ಮೊದಲ ಹಳ್ಳಿವಾಸ: ಧರ್ಮಕೇಂದ್ರದ ಆರಂಭದ ದಿನಗಳು ಹೇಗಿರುತ್ತವೆ?

ಸೋದರಮಾವ, ಮೈಸೂರು

ನನ್ನ ತಂಗಿಯ ಮಗಳು ಕಳೆದ ವರ್ಷ ನೊವಿಷಿಯೇಟ್, ಅಂದರೆ ಕನ್ಯಾಸ್ತ್ರೀಯಾಗುವ ಮುಂಚಿನ ತರಬೇತಿ, ಸೇರಿ ನೊವಿಸ್ ಆಗಿ ಬಿಳಿ ವೇಲು ಪಡೆದಳು. ಅವಳ ಊರು ಬಂಟ್ವಾಳದ ಕಡೆ, ಮನೆಮಾತು ಕೊಂಕಣಿ, ಕನ್ನಡವನ್ನು ಕಲಿತದ್ದು ಶಾಲೆಯಲ್ಲಿ. ಈಗ ಅವಳ ಸಭೆಯವರು (ಅವಳು ಸೇರಿರುವ ಕನ್ಯಾಸ್ತ್ರೀಯರ ಸಂಘ) ಅವಳನ್ನೂ ಇನ್ನೊಬ್ಬ ಹುಡುಗಿಯನ್ನೂ ಆರು ವಾರಗಳ ಮಟ್ಟಿಗೆ ಕೃಷ್ಣರಾಜನಗರ ತಾಲ್ಲೂಕಿನ ಒಂದು ಹಳ್ಳಿಯ ಧರ್ಮಕೇಂದ್ರಕ್ಕೆ (ಪ್ಯಾರಿಷ್) ಮಿಷನ್ ಅನುಭವಕ್ಕೆಂದು ಕಳುಹಿಸುತ್ತಿದ್ದಾರೆ. ನಾನು ಮೂವತ್ತು ವರ್ಷಗಳಿಂದ ಮೈಸೂರಿನಲ್ಲಿದ್ದರೂ ಸಂತ ಫಿಲೋಮಿನಾ ದೇವಾಲಯದ ಬಲಿಪೂಜೆಗೆ ಹೋಗಿ ಬರುವುದನ್ನು ಬಿಟ್ಟರೆ, ಜೂನ್ 13ರ ಹಬ್ಬಕ್ಕೆ ಡೋರನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಗೆ ಹೋದದ್ದಷ್ಟೇ ನನ್ನ ಹಳ್ಳಿಯ ಅನುಭವ. ಹತ್ತಿರದಲ್ಲಿರುವ ಮಾವನೆಂದು ತಂಗಿ ನನ್ನನ್ನೇ ಕೇಳುತ್ತಿದ್ದಾಳೆ, ನನ್ನ ಬಳಿ ಉತ್ತರವಿಲ್ಲ.

ನೊವಿಸ್ ಆಗಿರುವಾಗಲೇ ಮಠದಿಂದ ಹೊರಗೆ ಕಳುಹಿಸುವುದು ನಿಯಮಕ್ಕೆ ಒಪ್ಪುವ ವಿಷಯವೇ? ಅಲ್ಲಿ ಅವಳು ಮಾಡಬೇಕಾದ ಕೆಲಸವೇನು? ಇಷ್ಟು ಚಿಕ್ಕ ಹುಡುಗಿಯನ್ನು ಹಳ್ಳಿಯವರು ಹೇಗೆ ಕಾಣುತ್ತಾರೆ? ಅಂಥ ದಿನಗಳನ್ನು ಕಂಡವರು ದಯವಿಟ್ಟು ಬರೆಯಬೇಕು.

ಉಪದೇಶಿಯ ಮಗ, ಶ್ರೀರಂಗಪಟ್ಟಣ ತಾಲ್ಲೂಕು

ನಮ್ಮ ತಂದೆ ನಲವತ್ತು ವರ್ಷ ಉಪದೇಶಿಯಾಗಿ ಊರಿನವರಿಗೆ ಧರ್ಮಪಾಠ ಹೇಳುತ್ತಿದ್ದವರು. ಆದ್ದರಿಂದ ಹೀಗೆ ಬಂದ ಹುಡುಗಿಯರನ್ನು ನಾನು ಬಾಲ್ಯದಿಂದಲೂ ಬರಮಾಡಿಕೊಂಡವರ ಕಡೆಯಿಂದ ನೋಡಿದ್ದೇನೆ. ನಮ್ಮ ಕಡೆಯ ಒಂದು ಧರ್ಮಕೇಂದ್ರವೆಂದರೆ ಒಂದೇ ಊರಲ್ಲ. ಗುಡಿ ಎಂದು ನಾವು ಕರೆಯುವ ಚರ್ಚಿರುವ ಮುಖ್ಯ ಊರೊಂದು, ಅದರ ಸುತ್ತ ಹತ್ತು ಮನೆ, ಇಪ್ಪತ್ತು ಮನೆಗಳ ಉಪಕೇಂದ್ರಗಳು ಇರುತ್ತವೆ. ಚರ್ಚಿನ ಗುರುಗಳಾದ ಸ್ವಾಮಿಯವರು ಭಾನುವಾರ ಒಂದು ಪೂಜೆ ಮುಗಿಸಿ ಬೈಕಿನಲ್ಲಿ ಮುಂದಿನ ಊರಿಗೆ ಹೊರಡುತ್ತಾರೆ. ವಾರದ ಉಳಿದ ದಿನಗಳಲ್ಲಿ ಆ ಮನೆಗಳಿಗೆ ಹೋಗಿ ಬರುವವರು ಉಪದೇಶಿ ಮತ್ತು ಕನ್ಯಾಮಠದ ಅಮ್ಮನವರು. ನೊವಿಸ್ ಹುಡುಗಿಯರನ್ನೂ ಆ ತಿರುಗಾಟಕ್ಕೇ ಸೇರಿಸುತ್ತಾರೆ.

ಬೆಳಿಗ್ಗೆ ಐದೂವರೆಗೆ ಗಂಟೆ ಹೊಡೆಯುತ್ತದೆ. ಪ್ರಾರ್ಥನೆ, ಪೂಜೆ ಮತ್ತು ಗುಡಿಯ ಕಸ ಗುಡಿಸುವ ಕೆಲಸ ಮುಗಿಯುವ ವೇಳೆಗೆ ಊರಿನವರು ಗದ್ದೆಯಲ್ಲಿರುತ್ತಾರೆ. ಹನ್ನೊಂದಕ್ಕೆ ಮನೆ ಭೇಟಿಗೆ ಹೊರಟರೆ ಸಿಗುವವರು ಮುದುಕರು, ಕಾಯಿಲೆಯವರು ಮತ್ತು ಬಾಣಂತಿಯರು ಮಾತ್ರ. ಹೊಸದಾಗಿ ಬಂದವರು ಇದನ್ನು ನಷ್ಟವೆಂದು ತಿಳಿಯುತ್ತಾರೆ. ವಾಸ್ತವವಾಗಿ ಊರಿನ ಕಥೆ ತಿಳಿದಿರುವುದೂ ಅದನ್ನು ಹೇಳಲು ಬಿಡುವಿರುವುದೂ ಇವರಿಗೇ.

ಊಟದ ವಿಷಯವನ್ನೂ ಹೇಳಿಬಿಡುತ್ತೇನೆ. ಕುಚ್ಚಲಕ್ಕಿ ಅನ್ನ ಉಂಡು ಬೆಳೆದವರು ಮುದ್ದೆಯನ್ನು ಅಗಿಯಲು ಹೊರಟು ಹಲ್ಲಿಗೆಲ್ಲ ಮೆತ್ತಿಸಿಕೊಳ್ಳುತ್ತಾರೆ. ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಮಕ್ಕಳು ನಗುತ್ತಾರೆ, ನಗಲಿ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಒಂದು ಮನೆಯಲ್ಲಿ ಉಂಡು ಇನ್ನೊಂದು ಮನೆಯಲ್ಲಿ ನೀರನ್ನೂ ಮುಟ್ಟದೆ ಎದ್ದು ಬಂದರೆ ಆ ಸುದ್ದಿ ಸಂಜೆಯೊಳಗೆ ಬೀದಿ ಸುತ್ತಿರುತ್ತದೆ. ನಮ್ಮಲ್ಲೂ ಜಾತಿಯ ನೆನಪು ಸತ್ತಿಲ್ಲ. ಆದ್ದರಿಂದ ಯಾರ ಮನೆಯಲ್ಲಿ ಲೋಟ ಎತ್ತಿದಳು, ಯಾರ ಮನೆಯಲ್ಲಿ ಎತ್ತಲಿಲ್ಲ ಎಂಬುದನ್ನು ಲೆಕ್ಕ ಇಡುವವರಿದ್ದಾರೆ.

ಧರ್ಮಸಭೆಯ ಕಾನೂನಿನ ವಿದ್ಯಾರ್ಥಿ

ನಿಯಮದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. 1983ರ ಕಾನೂನು ಸಂಹಿತೆಯ 648ನೇ ವಿಧಿಯ ಪ್ರಕಾರ ನೊವಿಷಿಯೇಟ್ ಸಿಂಧುವಾಗಬೇಕಾದರೆ ನೊವಿಷಿಯೇಟಿನ ಸಮುದಾಯದಲ್ಲಿಯೇ ಹನ್ನೆರಡು ತಿಂಗಳು ಕಳೆಯಬೇಕು. ಅದೇ ವಿಧಿಯ ಎರಡನೆಯ ಭಾಗವು, ತರಬೇತಿಯನ್ನು ಪೂರ್ಣಗೊಳಿಸುವ ಉದ್ದೇಶದಿಂದ, ಸಮುದಾಯದ ಹೊರಗೆ ಒಂದು ಅಥವಾ ಹೆಚ್ಚು ಅವಧಿಯ ಪ್ರೇಷಿತ ಕಾರ್ಯಾನುಭವವನ್ನು (ಜನರ ನಡುವಿನ ಸೇವೆಯ ಅನುಭವ) ಆಯಾ ಸಭೆಯ ಸಂವಿಧಾನವು ಸೇರಿಸಿಕೊಳ್ಳಬಹುದೆಂದು ಹೇಳುತ್ತದೆ. ಆದರೆ ಆ ಅವಧಿಯು ಹನ್ನೆರಡು ತಿಂಗಳುಗಳ ಲೆಕ್ಕಕ್ಕೆ ಬರುವುದಿಲ್ಲ, ಅದು ಹೆಚ್ಚುವರಿ. ಒಟ್ಟು ನೊವಿಷಿಯೇಟ್ ಎರಡು ವರ್ಷ ಮೀರುವಂತಿಲ್ಲ. ನಿಮ್ಮ ಸೋದರಸೊಸೆಯ ಆರು ವಾರಗಳು ಇಂಥವೇ ಆಗಿದ್ದರೆ ಆತಂಕಕ್ಕೆ ಕಾರಣವಿಲ್ಲ.

ತಂಗಿಗೆ ಇನ್ನೊಂದು ವಿಷಯವನ್ನೂ ತಿಳಿಸಿ. 653ನೇ ವಿಧಿಯಂತೆ ನೊವಿಸ್ ಯಾವಾಗ ಬೇಕಾದರೂ ಸ್ವತಂತ್ರಳಾಗಿ ಹೊರಟು ಬರಬಹುದು. ಅವಳು ಇನ್ನೂ ವ್ರತ ಕೊಟ್ಟವಳಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಮೊದಲ ವ್ರತ ಇದರ ನಂತರ ಬರುತ್ತದೆ. ಅದೂ ತಾತ್ಕಾಲಿಕವಾದದ್ದೇ, ಕನಿಷ್ಠ ಮೂರು ವರ್ಷದ್ದು.

ಕಾವೇರಿ ತೀರದ ಭಗಿನಿ

ಮಾವನವರೇ, ನಿಮ್ಮ ಪ್ರಶ್ನೆಯನ್ನು ಓದಿದಾಗ ಸುಮಾರು ಇಪ್ಪತ್ತೈದು ವರ್ಷ ಹಿಂದಕ್ಕೆ ಹೋದೆ. ನಾನೂ ಘಟ್ಟದ ಕೆಳಗಿನವಳು, ನನ್ನದೂ ಶಾಲೆಯ ಕನ್ನಡ. ಮಂಡ್ಯ ಜಿಲ್ಲೆಯ ಒಂದು ಹಳ್ಳಿಗೆ ನನ್ನನ್ನು ಕಳುಹಿಸಿದಾಗ ಇಪ್ಪತ್ತೊಂದು ತುಂಬಿತ್ತು. ಬಸ್ಸಿನಿಂದ ಇಳಿದವಳನ್ನು ಒಬ್ಬ ಹುಡುಗ ನೋಡಿ, "ಒಸ ಸಿಸ್ಟರ್ ಬಂದವ್ರೆ" ಎಂದು ಕೂಗುತ್ತಾ ಓಡಿದ್ದು ಇನ್ನೂ ಕಿವಿಯಲ್ಲಿದೆ. ಹಕಾರವೇ ಇಲ್ಲದ ಆ ಕನ್ನಡವನ್ನು ತಿದ್ದಬೇಕೆಂದು ನನಗೆ ಆ ಕ್ಷಣದಲ್ಲಿಯೇ ಅನ್ನಿಸಿತು. ನನ್ನ ತಪ್ಪು ಆರಂಭವಾದದ್ದು ಅಲ್ಲಿಂದ.

ಸಂಜೆ ಏಳಕ್ಕೆ ಒಂದೊಂದು ದಿನ ಒಂದೊಂದು ಮನೆಯ ಜಗಲಿಯಲ್ಲಿ ಜಪಸರ, ಅಂದರೆ ಮಣಿ ಎಣಿಸುತ್ತಾ ಮರಿಯಮ್ಮನವರಿಗೆ ಮಾಡುವ ಪ್ರಾರ್ಥನೆ, ನಡೆಯುತ್ತಿತ್ತು. ಅದನ್ನು ಹೇಳಿಕೊಡುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಅಕ್ಷರ ಬಾರದಿದ್ದರೂ ಐವತ್ತಮೂರು ನಮೋ ಮರಿಯೆಯನ್ನೂ ರಹಸ್ಯಗಳನ್ನೂ (ಯೇಸು ಮತ್ತು ಮರಿಯಮ್ಮನವರ ಜೀವನದ ಘಟನೆಗಳು) ಕೊನೆಯ ಪ್ರಾರ್ಥನಾಮಾಲೆಯನ್ನೂ ಒಂದೇ ಉಸಿರಿನ ಓಟದಲ್ಲಿ ಹೇಳುತ್ತಿದ್ದರು. ಅವರ ಬಾಯಲ್ಲಿ ವರಪ್ರಸಾದ ಎಂಬುದು 'ವರಪರ್ಸಾದ' ಆಗುತ್ತಿತ್ತು. ನಾನು ಹೋದ ಮೂರನೆಯ ಸಂಜೆ, ಎರಡನೆಯ ಹತ್ತುಮಣಿಯ ನಡುವೆ, ಎಲ್ಲರೂ ಕೇಳುವಂತೆ, "ಅಜ್ಜಿ, ಅದು ಪ್ರಸಾದ, ಪರ್ಸಾದ ಅಲ್ಲ" ಎಂದುಬಿಟ್ಟೆ. ಅವರು ನಿಲ್ಲಿಸಿದರು. ಕೋಪಿಸಿಕೊಳ್ಳಲಿಲ್ಲ. ಕೈಯಲ್ಲಿದ್ದ ಜಪಸರವನ್ನು ಸೆರಗಿಗೆ ಸೇರಿಸಿ, "ನೀನೇ ಯೋಳ್ಕೊಡವ್ವ, ಓದ್ದವಳು" ಎಂದರು. ಉಳಿದದ್ದನ್ನು ನಾನೇ ಹೇಳಿಕೊಟ್ಟೆ. ಉತ್ತರ ಕೊಡುವ ಧ್ವನಿಗಳು ಅರ್ಧಕ್ಕಿಳಿದಿದ್ದು ನನಗೆ ತಿಳಿಯಲೇ ಇಲ್ಲ. ಉಚ್ಚಾರಣೆ ಶುದ್ಧವಾಯಿತೆಂದು ಒಳಗೊಳಗೆ ಸಂತೋಷಪಟ್ಟೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಮಾರನೆಯ ಸಂಜೆ ಜಗಲಿಗೆ ಬಂದವರು ನಾಲ್ಕೇ ಜನ. ಅದರ ಮರುದಿನ ಇಬ್ಬರು ಮಕ್ಕಳು. ನಮ್ಮ ಹಿರಿಯ ಸಿಸ್ಟರ್ ವಿಷಯ ತಿಳಿದರೂ ನನ್ನನ್ನು ಬೈಯಲಿಲ್ಲ. "ಆ ಮನೆಗೆ ಹೋಗಿ ಬಾ, ಏನನ್ನೂ ವಿವರಿಸಬೇಡ" ಎಂದಷ್ಟೇ ಹೇಳಿದರು.

ಹೋದೆ. ಅಜ್ಜಿಯ ಮನೆಯಲ್ಲಿ ರೇಷ್ಮೆ ಸಾಕಣೆಯಿತ್ತು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುಗಳು ಒಂದು ವಾರ ಸೊಪ್ಪು ತಿಂದು ಹಣ್ಣಾಗಿದ್ದವು. ಆ ಒಂದು ವಾರದಲ್ಲಿ ಹುಳುಗಳು ತಮ್ಮ ಜೀವಮಾನದ ಸೊಪ್ಪಿನಲ್ಲಿ ಐದನೆಯ ನಾಲ್ಕು ಭಾಗಕ್ಕಿಂತ ಹೆಚ್ಚನ್ನು ತಿನ್ನುತ್ತವೆ, ಮನೆಯವರಿಗೆ ನಿದ್ದೆಯಿರುವುದಿಲ್ಲ. ಬೀದಿಯ ಅರ್ಧ ಮನೆಗಳಲ್ಲಿ ಅದೇ ಸ್ಥಿತಿ ಎಂಬುದು ನನಗೆ ಆಗಷ್ಟೇ ತಿಳಿಯಿತು. ಬಾಗಿಲಲ್ಲಿ ನಿಂತವಳನ್ನು ಅಜ್ಜಿ ತಲೆಯೆತ್ತಿ ನೋಡಿ, "ಕೈಕಾಲ್ ತೊಳ್ಕಂಡು ಒಳೀಕ್ ಬಾ ಮಗ, ಉಳ ಸೂಕ್ಷ್ಮ" ಎಂದರು. ತಟ್ಟೆಯಿಂದ ಒಂದು ಹುಳುವನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟು ಬಲ್ಬಿನ ಕಡೆ ತಿರುಗಿಸಿದರು. ಮೈ ಅರಿಶಿನ ಬೆರೆತ ಗಾಜಿನಂತೆ ಕಾಣುತ್ತಿತ್ತು, ಬೆಳಕು ಒಳಗಿನಿಂದ ಹಾದು ಬರುತ್ತಿತ್ತು. ಹೀಗೆ ಕಂಡರೆ ಹಣ್ಣುಹುಳು, ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಇನ್ನೂ ಬೆಳ್ಳಗಿದ್ದರೆ ಸೊಪ್ಪಿಗೆ ಬಿಡಬೇಕು. ನಾನು ಮೊದಲ ಅರ್ಧ ಗಂಟೆ ಆರಿಸಿದ್ದರಲ್ಲಿ ಅರ್ಧಕ್ಕರ್ಧ ಹಸಿಹುಳುಗಳು. ಅಜ್ಜಿಯ ಸೊಸೆ ಏನೂ ಅನ್ನದೆ ಅವನ್ನು ಮತ್ತೆ ತಟ್ಟೆಗೆ ಹಾಕುತ್ತಿದ್ದಳು. ನಾಲ್ಕು ಜನರ ನಡುವೆ ಕೂಗಿ ನನ್ನನ್ನು ತಿದ್ದಬಹುದಾಗಿತ್ತು, ತಿದ್ದಲಿಲ್ಲ.

ಏಳಾಯಿತು. ಅಜ್ಜಿ ಕೈಕೆಲಸ ನಿಲ್ಲಿಸದೆಯೇ ಪಿತನ, ಸುತನ ಎಂದು ಶುರುಮಾಡಿದರು. ಯಾರ ಕೈಯಲ್ಲೂ ಮಣಿ ಇರಲಿಲ್ಲ. ಒಂದು ಹತ್ತುಮಣಿ ಹನ್ನೊಂದಾಯಿತು, ಇನ್ನೊಂದು ಒಂಬತ್ತಕ್ಕೇ ಮುಗಿಯಿತು. ನಾನು ಎಣಿಸುತ್ತಿದ್ದೆ, ಚಟ ಹೋಗಿರಲಿಲ್ಲ. ಆದರೆ ಬಾಯಿ ಬಿಡಲಿಲ್ಲ.

ನಿಮ್ಮ ಸೊಸೆಯ ಕೆಲಸವೇನು ಎಂದು ಕೇಳಿದ್ದೀರಿ. ಮೊದಲ ಎರಡು ವಾರ ಊರಿನವರ ಬಳಿ ಕಲಿಯುವುದೇ ಕೆಲಸ. ಕಲಿಸುವ ಕೆಲಸ ಆಮೇಲೆ ತಾನಾಗಿ ಬರುತ್ತದೆ, ಬಾರದಿದ್ದರೂ ನಷ್ಟವಿಲ್ಲ.

ಧರ್ಮೋಪದೇಶ ಶಿಕ್ಷಕಿ, ಮಂಡ್ಯ

ಭಗಿನಿಯವರ ಬರಹ ಮನಸ್ಸು ಮುಟ್ಟಿತು, ಆದರೂ ಒಂದು ಆಕ್ಷೇಪವಿದೆ. ಅಜ್ಜಿಯನ್ನು ತಿದ್ದಬಾರದು ಎಂಬುದು ಸರಿ. ಆದರೆ ಅದೇ ಜಗಲಿಯಲ್ಲಿ ಕುಳಿತ ಮಕ್ಕಳ ಗತಿಯೇನು? ಭಾನುವಾರದ ತರಗತಿಯಲ್ಲಿ ನಾನು ಪ್ರತಿ ವಾರವೂ ಎದುರಿಸುವ ತೊಡಕು ಇದು. ಸಂತ ಪೋಪ್ ಎರಡನೆಯ ಜಾನ್ ಪಾಲರು 2002ರಲ್ಲಿ ಜಪಸರಕ್ಕೆ, ಗುರುವಾರ ಹೇಳಲೆಂದು, ಬೆಳಕಿನ ರಹಸ್ಯಗಳನ್ನು ಸೇರಿಸಿದರು. ನಮ್ಮ ಹಿರಿಯರು ಇಂದಿಗೂ ಗುರುವಾರ ಹಳೆಯ ಸಂತೋಷದ ರಹಸ್ಯಗಳನ್ನೇ ಹೇಳುತ್ತಾರೆ. ಮಕ್ಕಳು ತರಗತಿಯಲ್ಲಿ ಒಂದು ಕಲಿತು ಮನೆಯಲ್ಲಿ ಇನ್ನೊಂದು ಕೇಳುತ್ತಾರೆ. ಎಲ್ಲರೂ ಸುಮ್ಮನಿದ್ದುಬಿಟ್ಟರೆ ಧರ್ಮೋಪದೇಶ ಎಂಬುದೇ ಬೇಡವಾಗುತ್ತದೆ.

ಉಪದೇಶಿಯ ಮಗ

ಟೀಚರ್, ಕಲಿಸುವವರು ಊರಿನಲ್ಲಿ ಉಳಿಯುವವರಾಗಿರಬೇಕು. ನೀವು ಹತ್ತು ವರ್ಷ ಅಲ್ಲಿಯೇ ಇದ್ದು ಹೇಳಿದರೆ ಅಜ್ಜಿಯೂ ಕೇಳುತ್ತಾರೆ. ಆರು ವಾರದ ಹುಡುಗಿ ಬೆಳಕಿನ ರಹಸ್ಯ ಕಲಿಸಿ ಬಸ್ಸು ಹತ್ತಿದರೆ ಅದು ಬಸ್ಸಿನ ಜೊತೆಯಲ್ಲೇ ಹೋಗುತ್ತದೆ. ನಮ್ಮ ತಂದೆಯವರ ಕಾಲದಲ್ಲಿ ಲತೀನ್ ಪೂಜೆ ಹೋಗಿ ಕನ್ನಡ ಪೂಜೆ ಬಂತು. ಜನರ ಭಾಷೆಯ ಪೂಜೆಗೆ ದಾರಿ ಮಾಡಿದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿದಿದ್ದರೂ, ಊರಿನ ಬಾಯಿಗೆ ಹೊಸ ಉತ್ತರಗಳು ಹತ್ತಲು ಎಷ್ಟೋ ವರ್ಷ ಬೇಕಾಯಿತೆಂದು ಅವರು ಹೇಳುತ್ತಿದ್ದರು.

ಅರ್ಧದಲ್ಲಿ ಹಿಂದಿರುಗಿದವಳು

ಇಲ್ಲಿ ಬಂದಿರುವ ಬರಹಗಳೆಲ್ಲ ಉಳಿದುಕೊಂಡವರ ದೃಷ್ಟಿಯಿಂದ ಇವೆ. ನಾನು ನೊವಿಷಿಯೇಟಿನ ಎರಡನೆಯ ವರ್ಷದಲ್ಲಿ ಹೊರಬಂದವಳು, ಆದ್ದರಿಂದ ಬೇರೆ ಎರಡು ಮಾತು ಹೇಳುವ ಹಕ್ಕು ನನಗಿದೆ.

ಮೊದಲನೆಯದು ಮಧ್ಯಾಹ್ನದ ಎರಡರಿಂದ ನಾಲ್ಕು ಗಂಟೆಯ ಸಮಯ. ನೊವಿಷಿಯೇಟಿನಲ್ಲಿ ಪ್ರತಿ ಅರ್ಧ ಗಂಟೆಗೂ ಒಂದು ಗಂಟೆ ಹೊಡೆಯುತ್ತದೆ, ಮುಂದೇನು ಎಂದು ಯೋಚಿಸುವ ಅಗತ್ಯವೇ ಇರುವುದಿಲ್ಲ. ಹಳ್ಳಿಯಲ್ಲಿ ಆ ಎರಡು ಗಂಟೆ ಯಾರೂ ಇರುವುದಿಲ್ಲ. ಹಿರಿಯ ಸಿಸ್ಟರ್ ಔಷಧಾಲಯದಲ್ಲಿರುತ್ತಾರೆ, ಊರು ಹೊಲದಲ್ಲಿರುತ್ತದೆ, ಗುಡಿಯೊಳಗೆ ಪಾರಿವಾಳಗಳ ಸದ್ದು ಮಾತ್ರ ಇರುತ್ತದೆ. ನಾನು ಇಲ್ಲಿ ಯಾಕಿದ್ದೇನೆ ಎಂಬ ಪ್ರಶ್ನೆ ನನಗೆ ಮೊದಲ ಬಾರಿ ಎದುರಾದದ್ದು ಅಂಥ ಒಂದು ಮಧ್ಯಾಹ್ನ, ಬಕೆಟ್ಟಿನಲ್ಲಿ ಬಲಿಪೀಠದ ಬಟ್ಟೆಗೆ ನೀಲಿ ಹಾಕುತ್ತಿದ್ದಾಗ. ಆ ಪ್ರಶ್ನೆಯನ್ನು ಪಾಪವೆಂದು ತಿಳಿದು ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿತ್ತು. ನಿಮ್ಮ ಸೊಸೆಗೆ ಇಷ್ಟನ್ನು ಮೊದಲೇ ತಿಳಿಸಿ: ಆ ಪ್ರಶ್ನೆ ಬಂದರೆ ಅದು ಕೆಡುಕಲ್ಲ, ನೊವಿಸ್ ಗುರುಮಾತೆಯ ಮುಂದೆ ಹಾಗೆಯೇ ಇಟ್ಟರಾಯಿತು.

ಎರಡನೆಯದು ದುಡಿಮೆ. ನನ್ನನ್ನು ಕಳುಹಿಸಿದ ಕಡೆ ಶಾಲೆಗೆ ಟೀಚರ್ ಸಿಕ್ಕಿರಲಿಲ್ಲ. ಒಂದು ವಾರಕ್ಕೆಂದು ಒಂದನೇ ತರಗತಿಗೆ ಕಳುಹಿಸಿದರು, ಅದು ಎರಡು ತಿಂಗಳಾಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಪಾಠ, ರಾತ್ರಿ ಉತ್ತರಪತ್ರಿಕೆ. ಯಾರ ಮನೆಯನ್ನೂ ನೋಡಲಿಲ್ಲ. ಕೇಳಿದರೆ ವಿಧೇಯತೆ ಎಂದರು. ಕಾನೂನು ಓದಿದವರು ಇದಕ್ಕೇನು ಹೇಳುತ್ತಾರೋ ತಿಳಿಯಬೇಕು.

ಧರ್ಮಸಭೆಯ ಕಾನೂನಿನ ವಿದ್ಯಾರ್ಥಿ

ಅದು ತಪ್ಪು ಎಂದೇ ಹೇಳುತ್ತೇನೆ. 652ನೇ ವಿಧಿಯ ಐದನೆಯ ಭಾಗ ಸ್ಪಷ್ಟವಾಗಿದೆ: ನೊವಿಷಿಯೇಟಿನ ಕಡ್ಡಾಯದ ಹನ್ನೆರಡು ತಿಂಗಳುಗಳಲ್ಲಿ, ಆ ತರಬೇತಿಗೆ ನೇರವಾಗಿ ಸಂಬಂಧಿಸದ ವ್ಯಾಸಂಗ ಮತ್ತು ಕೆಲಸಗಳಲ್ಲಿ ನೊವಿಸ್‌ಗಳನ್ನು ತೊಡಗಿಸಬಾರದು. ಪ್ರೇಷಿತ ಕಾರ್ಯದ ಅವಧಿ ಅದರ ಹೊರಗಿರಬಹುದು. ಆದರೆ ಅದರ ಉದ್ದೇಶವೂ ತರಬೇತಿಯೇ, ಖಾಲಿ ಹುದ್ದೆ ತುಂಬುವುದಲ್ಲ.

ಗಂಜಾಮಿನ ಮೇಷ್ಟ್ರು

ನಮ್ಮ ಗಂಜಾಮಿನ ಒಂದು ಹಳೆಯ ಸಂಗತಿ ಈ ಚರ್ಚೆಗೆ ಹೊಂದುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಇಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸಲೆಂದು ಫ್ರಾನ್ಸಿನ ಗುರು ಅಬ್ಬೆ ದುಬ್ವಾ ಬಂದರು. ಅವರ ಹೆಸರಿನಿಂದಲೇ ಗುರುತಿಸುವ ಚರ್ಚು ಇಂದಿಗೂ ನಮ್ಮೂರಿನಲ್ಲಿದೆ. ಅವರು ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು ಬಾಳಿದ್ದರಿಂದ ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. 1803–04ರಲ್ಲಿ ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದ ಕೆಲಸದಲ್ಲಿ ಅವರ ಕೈಯಿತ್ತು.

ಅವರನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. ನಮ್ಮ ಜನರ ಆಚಾರವಿಚಾರಗಳ ಬಗ್ಗೆ ಅವರ ಹೆಸರಿನಲ್ಲಿ 1816ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಗ್ರಂಥದ ಬಹುಭಾಗ, ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೋರ್ದೂ ಅವರ ಹಸ್ತಪ್ರತಿಯಿಂದ ಬಂದದ್ದೆಂದು ವಿದ್ವಾಂಸರು ತೋರಿಸಿದ್ದಾರೆ. ಅದರಲ್ಲಿ ನಮ್ಮವರನ್ನು ತಿರಸ್ಕಾರದಿಂದ ಕಂಡ ಪುಟಗಳೂ ಬೇಕಾದಷ್ಟಿವೆ. ಹಾಗಾದರೂ 1823ರಲ್ಲಿ ಹಿಂದಿರುಗಿ ಹೋದ ಆ ಮನುಷ್ಯನನ್ನು ಇಲ್ಲಿಯವರು ನೆನೆಯುವುದು ಗ್ರಂಥಕ್ಕಾಗಿ ಅಲ್ಲ, ತಮ್ಮ ನಡುವೆ ಕಳೆದ ವರ್ಷಗಳಿಗಾಗಿ. ಅವರಿಗೂ ಮುಂಚೆ, ಹದಿನೇಳನೆಯ ಶತಮಾನದಲ್ಲಿ ಬಂದ ಇಟಲಿಯ ಲಿಯೊನಾರ್ದೊ ಚಿನ್ನಮಿಯವರೂ ಕನ್ನಡ ಕಲಿತೇ ಕೆಲಸಕ್ಕೆ ಇಳಿದವರು. ನಿಮ್ಮ ಸೊಸೆ ಕಲಿಯಬೇಕಾದದ್ದು ಈ ಕಡೆಯ ಕನ್ನಡ ಮಾತ್ರ. ಅವರಿಗಿಂತ ಸುಲಭ!

ಗುಡಿಯ ಹಿಂದಿನ ಬೀದಿಯವನು

ನಾನು ಕ್ರೈಸ್ತನಲ್ಲ, ಒಕ್ಕಲಿಗರ ಮನೆಯವನು. ನಮ್ಮವ್ವ ಮಂಗಳವಾರ ಡೋರನಹಳ್ಳಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಾರೆ, ಊರ ಮಾರಿಹಬ್ಬಕ್ಕೆ ತಂಬಿಟ್ಟಿನ ಆರತಿಯನ್ನೂ ಹೊರುತ್ತಾರೆ. ಎರಡರಲ್ಲೂ ಅವರಿಗೆ ತೊಡಕಿಲ್ಲ.

ಹಳ್ಳಿಯವರು ಹೇಗೆ ಕಾಣುತ್ತಾರೆ ಎಂದು ಕೇಳಿದ್ದೀರಿ, ಇದ್ದದ್ದನ್ನು ಹೇಳುತ್ತೇನೆ. ಹೊಸ ಮುಖ ಕಂಡರೆ ಮತಾಂತರಕ್ಕೆ ಬಂದವಳೇ ಎಂದು ಅನುಮಾನಿಸುವವರು ಈಗ ನಮ್ಮೂರಿನಲ್ಲೂ ಇದ್ದಾರೆ. ಮೊದಲು ಇಷ್ಟಿರಲಿಲ್ಲ. ಹಾಗೆಂದು ಆ ಹುಡುಗಿ ಹೆದರಿ ನಮ್ಮ ಬೀದಿಯನ್ನು ತಪ್ಪಿಸಿ ಓಡಾಡಿದರೆ ಅನುಮಾನ ಇನ್ನೂ ಬಲವಾಗುತ್ತದೆ. ಎರಡು ವರ್ಷದ ಹಿಂದೆ ಬಂದಿದ್ದ ಒಬ್ಬಳು ಮೊದಲ ದಿನವೇ ನಮ್ಮ ಜಗಲಿಗೆ ಬಂದು, ತಾನು ಯಾರು, ಯಾವ ಊರು, ಎಷ್ಟು ದಿನ ಇರುತ್ತೇನೆ ಎಂದು ಹೇಳಿ ಹೋದಳು. ನಮ್ಮವ್ವ, "ಇಷ್ಟ್ ಚಿಕ್ಕ್ ವಯಸ್ಗೆ ಎತ್ತವ್ರು ಎಂಗ್ ಬುಟ್ರವ್ವ?" ಎಂದು ಕೇಳಿದಾಗ ಅವಳು ಸುತ್ತುಬಳಸಿ ಮಾತಾಡಲಿಲ್ಲ. "ಅಮ್ಮ ಇನ್ನೂ ಬಿಟ್ಟಿಲ್ಲ, ಅಳುತ್ತಾರೆ" ಎಂದಳು. ಅಂದಿನಿಂದ ಅವಳು ಹೊರಡುವವರೆಗೂ ನಮ್ಮ ಮನೆಯಿಂದ ಮಜ್ಜಿಗೆ ಹೋಗುತ್ತಿತ್ತು. ನಮ್ಮ ಕಡೆಯ ಮಠಗಳ ಮರಿಸ್ವಾಮಿಗಳು ಜೋಳಿಗೆ ಹಿಡಿದು ಬಂದರೆ ಏನು ಕೊಡಬೇಕೆಂದು ನಮಗೆ ಗೊತ್ತಿದೆ. ಇವಳು ಏನನ್ನೂ ಕೇಳದೆ ನಿಂತದ್ದರಿಂದ ಏನು ಕೊಡುವುದೆಂದು ಮೊದಲು ತಿಳಿಯಲಿಲ್ಲ, ಅಷ್ಟೇ.

ಸೋದರಮಾವ, ಮೈಸೂರು

ಎಲ್ಲರಿಗೂ ವಂದನೆಗಳು. ತಂಗಿಗೆ ಎಲ್ಲವನ್ನೂ ಫೋನಿನಲ್ಲಿ ಓದಿ ಹೇಳಿದೆ. 'ಅಮ್ಮ ಇನ್ನೂ ಬಿಟ್ಟಿಲ್ಲ' ಎಂಬಲ್ಲಿ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂತರ ಎರಡು ಪ್ರಶ್ನೆ ಕೇಳಿದಳು: ಮಗಳಿಗೆ ಏನು ಕಟ್ಟಿ ಕಳುಹಿಸಬೇಕು, ಮತ್ತು ಆ ಅಜ್ಜಿ ಮತ್ತೆ ಜಗಲಿಯಲ್ಲಿ ಜಪಸರ ಹೇಳಿಕೊಟ್ಟರೇ.

ಕಾವೇರಿ ತೀರದ ಭಗಿನಿ

ಕಟ್ಟಿ ಕಳುಹಿಸಲು ಹೆಚ್ಚೇನೂ ಬೇಡ. ಒಂದು ಟಾರ್ಚು, ಗದ್ದೆಯ ಬದುವಿನಲ್ಲಿ ಜಾರದ ಚಪ್ಪಲಿ, ಒಂದು ಕೊಡೆ. ತಿಂಡಿ ಕಟ್ಟಿದರೆ ಮಠಕ್ಕೆಲ್ಲ ಸಾಲುವಷ್ಟು ಕಟ್ಟಿ, ಇಲ್ಲವೇ ಬೇಡ. ನೊವಿಸ್‌ಗೆ ತನ್ನದೆಂಬ ಡಬ್ಬಿ ಇರುವುದಿಲ್ಲ.

ಅಜ್ಜಿ ಹೇಳಿಕೊಟ್ಟರು. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸಿ ಬಂದ ಸಂಜೆ ತಾವಾಗಿಯೇ ಜಗಲಿಗೆ ಬಂದು, ನನ್ನ ಪಕ್ಕದಲ್ಲಿ ಕುಳಿತು ಶುರುಮಾಡಿದರು. ಕ್ಷಮೆಯ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಕಳೆದ ವರ್ಷ ಆ ಊರಿನ ತೇರಿಗೆ ಹೋಗಿದ್ದೆ. ಈಗ ಹೇಳಿಕೊಡುವುದು ಅಂದು ನಾನು ಆರಿಸಿದ ಹಸಿಹುಳುಗಳನ್ನು ಸುಮ್ಮನೆ ತಟ್ಟೆಗೆ ಹಾಕುತ್ತಿದ್ದ ಸೊಸೆ. ಅವರೂ ಪರ್ಸಾದ ಎಂದೇ ಹೇಳುತ್ತಾರೆ.